ಸತುವಿನ ತೊಟ್ಟಿಗೆ ಇಳಿಸುವ ಮುನ್ನ: ಒಂದು ಹಳೇ ಲ್ಯಾಂಡ್ ರೋವರ್ ಮತ್ತೆ ಕಟ್ಟಿದ ಪ್ರಕರಣ

ಗಾಡಿ ಲ್ಯಾಂಡ್ ರೋವರ್ ಸೀರೀಸ್ 3. ಗಿಡ್ಡ ಮಾದರಿ, ಮುಂದಿನ ಹಿಂದಿನ ಚಕ್ರಗಳ ನಡುವೆ 88 ಇಂಚಿನ ವೀಲ್‌ಬೇಸ್. 2.25 ಲೀಟರ್ ಪೆಟ್ರೋಲ್ ಎಂಜಿನ್, ನಾಲ್ಕೂ ಮೂಲೆಗೆ ಪಟ್ಟಾ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದು). 1971ರಿಂದ 1985ರವರೆಗೆ ತಯಾರಾದ ಸರಣಿ ಇದು. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರನ್ನು 'ಮಾಲೀಕರು' ಅಂತಲೇ ಕರೆಯುತ್ತೇನೆ, ಚಾಸಿ (ಗಾಡಿಯ ಅಡಿಯ ಚೌಕಟ್ಟು) ಕೆಲಸ ಮಾಡಿದವರನ್ನು 'ವೆಲ್ಡರ್' ಅಂತ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಅಳತೆಗಳು, ತಪ್ಪುಗಳು ಇದ್ದ ಹಾಗೇ ಇವೆ. ನಾನು ಇದರೊಳಗೆ ಬಂದದ್ದು ಯೋಜನೆ ಬರೆದುಕೊಡಲು. ಆಮೇಲೆ ಸ್ಪ್ಯಾನರ್ ಕೈಗೆ ಬಂತು.

ಹಿನ್ನೆಲೆ

ಗಾಡಿ ಹಲವು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಮಾಲೀಕರಿಗೆ ಅದನ್ನು ಪೂರ್ತಿ ಬಿಚ್ಚಿ, ಬರೀ ಚಾಸಿಯಿಂದ ಶುರುಮಾಡಿ ಹೊಸದಾಗಿ ಕಟ್ಟುವ ಆಸೆ. ದಿನವಿಡೀ ಬೇರೆ ಕೆಲಸ, ಗಾಡಿಗೆ ಸಿಗುವುದು ವಾರದಲ್ಲಿ ಎರಡು ಸಂಜೆ ಮತ್ತು ಒಂದು ಭಾನುವಾರ. ಆದರೂ ಮೊದಲ ಎರಡು ಭಾನುವಾರಗಳಲ್ಲೇ ಮುಕ್ಕಾಲು ಗಾಡಿ ಬಿಚ್ಚಿ ಹಾಕಿದ್ದರು. ಬಿಚ್ಚುವುದು ಮಜಾ ಕೊಡುವ ಕೆಲಸ, ಅಲ್ವಾ? ಬೋಲ್ಟುಗಳೆಲ್ಲ ಒಂದೇ ಬಕೆಟ್ಟಿಗೆ ಬಿದ್ದವು. ಫೋಟೋ ಒಟ್ಟು ಹತ್ತೊಂಬತ್ತು. ಅದರಲ್ಲಿ ಆರರಲ್ಲಿ ಮಾಲೀಕರೇ ನಗುತ್ತಾ ನಿಂತಿದ್ದಾರೆ.

ಆಮೇಲೆ ಕೊಳ್ಳುವ ಕಾಲ ಶುರುವಾಯಿತು. 285/75 ಆರ್ 16 ಅಳತೆಯ ದಪ್ಪ ಟೈರು. ಗಾಡಿ ಎತ್ತರಿಸುವ ಸ್ಪ್ರಿಂಗ್ ಸೆಟ್. ಸಿಕ್ಕಿಕೊಂಡ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಒಂದು ವಿಂಚ್. ಸೀಟುಗಳು. ಎಂಜಿನ್ನನ್ನು ಹೊರಗೆ ಕೊಟ್ಟು ಹೊಸದಾಗಿ ಮಾಡಿಸಿ ತಂದು ಮೂಲೆಯಲ್ಲಿಟ್ಟರು. ನಂತರ 14 ತಿಂಗಳು ಏನೂ ನಡೆಯಲಿಲ್ಲ. ಅವರು ನನಗೆ ಫೋನ್ ಮಾಡಿದ್ದು ಆಗ.

ಸಮಸ್ಯೆ ಎಲ್ಲಿತ್ತು

ಅವರ ಹತ್ತಿರ ಯೋಜನೆ ಇರಲಿಲ್ಲ ಅಂತಲ್ಲ. 112 ಸಾಲಿನ ಪಟ್ಟಿ ಇತ್ತು. ನೀಟಾಗಿ ಬರೆದಿದ್ದರು. ಆದರೆ ಅದು ಅಂಗಡಿಗೆ ಒಯ್ಯುವ ಚೀಟಿ. ಯಾವುದು ಮೊದಲು, ಯಾವುದು ನಿರ್ಧಾರವಾಗದೆ ಯಾವುದನ್ನು ಮುಟ್ಟಬಾರದು ಅನ್ನುವುದು ಅದರಲ್ಲಿ ಇರಲಿಲ್ಲ.

ಟೈರನ್ನೇ ತೆಗೆದುಕೊಳ್ಳಿ. ಮೊದಲು ಗಾಡಿಯಲ್ಲಿದ್ದದ್ದು 205 ಆರ್ 16, ಎತ್ತರ ಸುಮಾರು 742 ಮಿಲಿಮೀಟರ್. ಹೊಸದರ ಎತ್ತರ 834. ಅಂದರೆ 92 ಮಿಲಿಮೀಟರ್ ಜಾಸ್ತಿ. ಮಾಲೀಕರ ಲೆಕ್ಕದಲ್ಲಿ ಗಾಡಿ ಅಷ್ಟೂ ಮೇಲೆದ್ದಿತ್ತು. ಆದರೆ ಆ್ಯಕ್ಸಲ್ ಏರುವುದು ಅದರ ಅರ್ಧ, 46 ಮಾತ್ರ. ಆ 46 ಮಿಲಿಮೀಟರಿಗೆ ಏನೇನು ತೆರಬೇಕು ಅಂತ ನೋಡೋಣ. ಟೈರು ಶೇಕಡಾ 12ಕ್ಕಿಂತ ಸ್ವಲ್ಪ ಹೆಚ್ಚು ದೊಡ್ಡದಾದ್ದರಿಂದ ಡಿಫರೆನ್ಷಿಯಲ್ಲಿನ (ಆ್ಯಕ್ಸಲ್ ನಡುವಿನ ಗೇರು) 4.7 ಅನುಪಾತ 4.2ರ ಹತ್ತಿರ ಬಂದಂತೆ, ಅಂದರೆ ಚಕ್ರದ ಎಳೆತ ಕಡಿಮೆಯಾದಂತೆ ಆಗುತ್ತದೆ. 70ರ ಆಸುಪಾಸು ಅಶ್ವಶಕ್ತಿಯ ಎಂಜಿನ್ನಿಗೆ ಏರುದಾರಿಯಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಅದೇ ಬ್ರೇಕ್ ಡ್ರಮ್ಮು, ಅದೇ ಕಾಲಿನ ಒತ್ತು, ಆದರೆ ನೆಲದಲ್ಲಿ ಸಿಗುವ ಬ್ರೇಕಿನ ಬಲ ಶೇಕಡಾ 11ರಷ್ಟು ಕಡಿಮೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 67ರಲ್ಲಿ ಓಡುತ್ತಿರುತ್ತದೆ. ಮೊದಲೇ ತೆಳ್ಳಗಿರುವ ಆ್ಯಕ್ಸಲ್ ಶಾಫ್ಟುಗಳ ಮೇಲೆ ಹೊರೆ ಏರುತ್ತದೆ. ಇನ್ನು ಅಗಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಸ್ಪ್ರಿಂಗಿಗೆ ಉಜ್ಜುತ್ತದೆ. ಅದನ್ನು ತಪ್ಪಿಸಲು ಹೊರಗೆ ಚಾಚಿದ ರಿಮ್ ಬೇಕು. ರಿಮ್ ಹೊರಗೆ ಚಾಚಿದರೆ ಬೇರಿಂಗುಗಳಿಗೆ ಹೊಡೆತ.

ಒಂದು ಟೈರು ಕೊಂಡದ್ದರಿಂದ ಏಳು ನಿರ್ಧಾರ ತಾವಾಗಿಯೇ ಆಗಿಹೋಗಿದ್ದವು, ಯಾರೂ ಕೂತು ಯೋಚಿಸದೆ. ಪಟ್ಟಿಯಲ್ಲಿ ಮಾತ್ರ ಅದು ಒಂದೇ ಸಾಲು, ಮುಂದೆ ಟಿಕ್ ಗುರುತು.

ಚಾಸಿಯ ಕತೆ ಬೇರೆ. ಈ ಗಾಡಿಯ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು, ಚಾಸಿ ಉಕ್ಕಿನದು. ಹೊರಗೆ ಫಳಫಳ ಹೊಳೆಯುವ ಗಾಡಿಯ ಅಡಿಯಲ್ಲಿ ಚಾಸಿ ಪೊಳ್ಳಾಗಿರಬಹುದು. ಅದು ಪೆಟ್ಟಿಗೆಯ ಹಾಗೆ ಟೊಳ್ಳು ಕಂಬಗಳಿಂದ ಮಾಡಿದ್ದು, ಹಾಗಾಗಿ ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಸುತ್ತಿಗೆಯಿಂದ ತಟ್ಟುತ್ತಾ ಹೋದೆವು. ಮುಂದಿನ ಮುಕ್ಕಾಲು ಭಾಗ ಟಣ್ ಅಂದಿತು. ಹಿಂದಿನ ಭಾಗ ದಬ್ ಅಂದಿತು. ಹಿಂದಿನ ಅಡ್ಡಪಟ್ಟಿಯ ಮೇಲೆ ತೇಪೆ, ಅದರ ಮೇಲೆ ಇನ್ನೊಂದು ತೇಪೆ. ಒಂದು ಕಡೆ ಮೂರು ಪದರ ಇತ್ತು.

ಮೊದಲ ಪ್ರಯತ್ನ, ಮತ್ತು ವೆಲ್ಡರ್ ಕೇಳಿದ ಪ್ರಶ್ನೆ

ಇಲ್ಲಿ ನನ್ನ ತಪ್ಪೂ ಇದೆ, ಹೇಳಿಬಿಡುತ್ತೇನೆ. ಗಾಡಿ ಬಿದ್ದಿದ್ದ ರೀತಿ ನೋಡಿ ನನಗೂ ಅವಸರ ಹತ್ತಿತು. ಏನಾದರೂ ಒಂದು ಕೆಲಸ ಮುಗಿದರೆ ಮಾಲೀಕರಿಗೆ ಉತ್ಸಾಹ ಬರುತ್ತದೆ ಅಂದುಕೊಂಡೆ. ಹಿಂಭಾಗ ಕತ್ತರಿಸಿ ಹೊಸದು ಹಾಕಿಸೋಣ, ಕೂಡಲೇ ಗ್ಯಾಲ್ವನೈಸಿಂಗಿಗೆ, ಅಂದರೆ ಸತುವಿನ ಲೇಪ ಹಿಡಿಸಲು ಕಳಿಸೋಣ, ಉಳಿದದ್ದು ಆಮೇಲೆ ಅಂದೆ. ಕಳಿಸುವ ದಿನವನ್ನೂ ಗೊತ್ತುಮಾಡಿಕೊಂಡೆವು.

ವೆಲ್ಡರ್ ಬಂದು ಚಾಸಿಯ ಸುತ್ತ ಎರಡು ಸುತ್ತು ಹಾಕಿ ಕೇಳಿದರು: "ಸರ್, ವಿಂಚ್ ಬ್ರಾಕೆಟ್ ಎಲ್ಲಿ ಬರುತ್ತೆ? ಶಾಕ್ ಅಬ್ಸಾರ್ಬರ್ ಕಟ್ಟೋ ಜಾಗ ಹಳೇದೇನಾ, ಬದಲಾಗುತ್ತಾ?"

ಆಮೇಲೆ ನೋಡೋಣ ಅಂದರು ಮಾಲೀಕರು.

"ಆಮೇಲೆ ನಾನು ಬೆಂಕಿ ಹಚ್ಚಲ್ಲ ಸರ್. ಸತು ಹಿಡಿದ ಕಬ್ಬಿಣ ವೆಲ್ಡ್ ಮಾಡಿ ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತೆ. ಅದೂ ಅಲ್ಲದೆ ವೆಲ್ಡ್ ಮಾಡಿದ ಜಾಗದಲ್ಲಿ ಸತು ಸುಟ್ಟುಹೋಗುತ್ತೆ. ಅಷ್ಟು ಖರ್ಚು ಮಾಡಿ ಮುಳುಗಿಸಿ ತಂದದ್ದಕ್ಕೆ ಏನು ಅರ್ಥ?"

ಈ ಪ್ರಕರಣ ತಿರುಗಿದ್ದು ಈ ಮಾತಿನಿಂದ. ಕಳಿಸುವ ದಿನ ರದ್ದು ಮಾಡಿದೆವು.

ಗ್ಯಾಲ್ವನೈಸಿಂಗ್ ಅಂದರೆ ಚಾಸಿಯನ್ನು ಆ್ಯಸಿಡ್ಡಿನಲ್ಲಿ ತೊಳೆದು, ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆಯುವುದು. ಒಳಗೂ ಹೊರಗೂ ಲೇಪ ಹಿಡಿಯುತ್ತದೆ. ಒಳಗಿನಿಂದ ತುಕ್ಕು ಹಿಡಿಯುವ ಚಾಸಿಗೆ ಇದಕ್ಕಿಂತ ಒಳ್ಳೆಯ ಮದ್ದು ಕಡಿಮೆ. ಆದರೆ ಒಮ್ಮೆ ಮುಳುಗಿಸಿದರೆ ಹಿಂದಕ್ಕೆ ಬರುವ ದಾರಿ ಇಲ್ಲ. ಇಂಥ ಕೆಲಸದಲ್ಲಿ ಬಹುಪಾಲು ತಪ್ಪುಗಳನ್ನು ಬಿಚ್ಚಿ ಸರಿಮಾಡಬಹುದು. ಬೋಲ್ಟ್ ತೆಗೆದರಾಯಿತು. ತಿದ್ದಲಾಗದ ಹೆಜ್ಜೆಗಳು ನಾಲ್ಕೋ ಐದೋ ಇರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ನಾವು ಎಲ್ಲಕ್ಕಿಂತ ಮೊದಲು ಮಾಡಲು ಹೊರಟಿದ್ದೆವು, ಸುಮ್ನೆ ಕೆಲಸ ಮುಂದೆ ಸಾಗಿದಂತೆ ಕಾಣಲಿ ಅಂತ.

ಹಿಂದಿನಿಂದ ಬರೆದ ಯೋಜನೆ

ಹೊಸ ಯೋಜನೆ ಸತುವಿನ ತೊಟ್ಟಿಯಿಂದ ಶುರುವಾಯಿತು. ಆ ದಿನವನ್ನು ಗೋಡೆಗೆ ಅಂಟಿಸಿದ ಕಾಗದದ ನಡುವೆ ಬರೆದು ಅಲ್ಲಿಂದ ಹಿಂದಕ್ಕೆ ಹೋದೆವು. ಮುಳುಗಿಸುವ ಮೊದಲು ಚಾಸಿಗೆ ಏನೇನು ವೆಲ್ಡ್ ಆಗಿರಬೇಕು? ಅದನ್ನು ಹೇಳಲು ಏನೇನು ನಿರ್ಧಾರವಾಗಿರಬೇಕು? ನಿರ್ಧರಿಸಲು ಯಾವ ಭಾಗ ಕೈಯಲ್ಲಿರಬೇಕು?

112 ಸಾಲುಗಳನ್ನೂ ಎರಡು ಜಾತಿ ಮಾಡಿದೆವು. ವೆಲ್ಡಿಂಗ್ ಬೇಕಾದವು 'ಬೆಂಕಿ', ಬೇಡವಾದವು 'ಬೋಲ್ಟು'. ಬೆಂಕಿಗೆ 26 ಸಾಲು ಬಂದವು, ಬೋಲ್ಟಿಗೆ 86. ಮಾಲೀಕರ ಮುಖ ಅರಳಿದ್ದು ಆಗಲೇ. 86 ಸಾಲುಗಳ ಬಗ್ಗೆ ಸದ್ಯಕ್ಕೆ ಯೋಚಿಸಲೇಬೇಕಿಲ್ಲ! ಸೀಟು ಯಾವ ಬಣ್ಣ, ದೀಪ ಯಾವುದು, ಇವೆಲ್ಲ ಕಾಯಬಹುದು. ವಿಂಚ್ ಈಗಲೇ ಕೂರಿಸಬೇಕಿಲ್ಲ, ಅದರ ತೂತು ಮತ್ತು ಬ್ರಾಕೆಟ್ ಮಾತ್ರ ಈಗಲೇ ಆಗಬೇಕು.

ಬೆಂಕಿ ಸಾಲುಗಳನ್ನು ತೀರ್ಮಾನಿಸಲು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕಾಯಿತು: ಗಾಡಿ ಏತಕ್ಕೆ? ಈ ಪ್ರಶ್ನೆಗೆ ಎಲ್ಲರೂ ಕನಸಿನ ಉತ್ತರ ಕೊಡುತ್ತಾರೆ, ಮಾಲೀಕರೂ ಕೊಟ್ಟರು. ಬಂಡೆ ಹತ್ತುವುದು, ಹೊಳೆ ದಾಟುವುದು. ಹಾಗಲ್ಲ, ಮುಂದಿನ ಒಂದು ವರ್ಷದಲ್ಲಿ ನೀವು ನಿಜವಾಗಿ ಹೋಗುವ ಹತ್ತು ಪ್ರಯಾಣ ಬರೆಯಿರಿ ಅಂದೆ. ಬರೆದರು. ಹತ್ತರಲ್ಲಿ ಎಂಟು ಪ್ರಯಾಣಗಳಲ್ಲಿ ಮೂರು ನಾಲ್ಕು ತಾಸು ಡಾಂಬರು ರಸ್ತೆ, ಕೊನೆಗೆ ಒಂದು ತಾಸು ಕೆಸರು ಅಥವಾ ಕಲ್ಲಿನ ದಾರಿ. ಇಬ್ಬರು ಜನ, ಟೆಂಟು, ಸಾಮಾನು. ಬಂಡೆ ಒಂದೇ ಒಂದು ಸಲ ಬಂತು, ಅದೂ ಪ್ರಶ್ನಾರ್ಥಕ ಚಿಹ್ನೆಯ ಜೊತೆ.

ಆ ಹಾಳೆ ನೋಡಿದ ಮೇಲೆ ದಪ್ಪ ಟೈರಿನ ಆಸೆ ತಾನಾಗಿಯೇ ಇಳಿಯಿತು. 7.50-16 ಅಳತೆಗೆ ಬಂದೆವು. ಇದೇ ಸರಣಿಯ ಉದ್ದನೆಯ 109 ಇಂಚಿನ ಗಾಡಿಗೆ ಕಾರ್ಖಾನೆಯಿಂದಲೇ ಬರುತ್ತಿದ್ದ ಟೈರು ಅದು. ಎತ್ತರ ಹತ್ತಿರ ಹತ್ತಿರ 805 ಮಿಲಿಮೀಟರ್. ಅಗಲ ಕಡಿಮೆ. ಸ್ಟಿಯರಿಂಗ್ ತಡೆಬೋಲ್ಟನ್ನು ಸ್ವಲ್ಪ ಹೊಂದಿಸಿದರೆ ಸಾಕು, ಎಲ್ಲೂ ಕತ್ತರಿಸಬೇಕಿಲ್ಲ. ಎತ್ತರಿಸುವ ಸ್ಪ್ರಿಂಗನ್ನೂ ಕೈಬಿಟ್ಟೆವು. ಗಿಡ್ಡ ಗಾಡಿಯಲ್ಲಿ ಹಿಂದಿನ ಆ್ಯಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೂ ಗಿಡ್ಡ. ಗಾಡಿ ಎತ್ತರಿಸಿದಷ್ಟೂ ಅದು ಕಡಿದಾಗಿ ಇಳಿಯುತ್ತದೆ, ಅದರ ತುದಿಯ ಕ್ರಾಸ್ ಜಾಯಿಂಟುಗಳು ಬೇಗ ಸವೆಯುತ್ತವೆ, ನಡುಕ ಶುರುವಾಗುತ್ತದೆ. ಮೂಲ ಎತ್ತರದ್ದೇ ಪ್ಯಾರಾಬೋಲಿಕ್ ಪಟ್ಟಾ ಹಾಕುವುದು ಅಂತಾಯಿತು. ಅದರಲ್ಲಿ ಎಲೆಗಳು ಕಡಿಮೆ, ಒಂದಕ್ಕೊಂದು ಉಜ್ಜುವುದೂ ಕಡಿಮೆ, ಕೂತವರ ಸೊಂಟಕ್ಕೆ ಒಳ್ಳೆಯದು. ಬ್ರೇಕಿಗೆ 10 ಇಂಚಿನ ಡ್ರಮ್ಮಿನ ಬದಲು ಮುಂದೆ 11 ಇಂಚಿನದು.

ಕೊಂಡಿದ್ದ ಟೈರು, ಸ್ಪ್ರಿಂಗ್ ಮಾರಿದರು. ನಷ್ಟವಾಯಿತು. ಮಾಲೀಕರಿಗೆ ಅದು ಸುಲಭವಾಗಿರಲಿಲ್ಲ, ಎರಡು ವಾರ ಮುನಿಸಿಕೊಂಡಿದ್ದರು. ಕೊಂಡುಬಿಟ್ಟಿದ್ದೇವೆ, ಹಾಗಾಗಿ ಹಾಕಲೇಬೇಕು ಅನ್ನುವ ಹಟ ಇಂಥ ಗಾಡಿಗಳನ್ನು ಕೆಡಿಸಿದಷ್ಟು ತುಕ್ಕೂ ಕೆಡಿಸಿಲ್ಲ ಅನಿಸುತ್ತದೆ ನನಗೆ.

ಇನ್ನೊಂದು ದೊಡ್ಡ ಪ್ರಶ್ನೆ: ಚಾಸಿ ರಿಪೇರಿಯೋ, ಹೊಸದೋ? ಗ್ಯಾಲ್ವನೈಸ್ ಆಗಿಯೇ ಬರುವ ಹೊಸ ಚಾಸಿ ಈ ಮಾದರಿಗೆ ಸಿಗುತ್ತದೆ. ಸಮಯದ ಲೆಕ್ಕದಲ್ಲಿ ಅದೇ ಸಲೀಸು. ಆದರೆ ಗಾಡಿಯ ಗುರುತಿನ ಸಂಖ್ಯೆ ಒತ್ತಿರುವುದು ಚಾಸಿಯ ಮೇಲೆ, ಬಲಗಡೆ ಮುಂದಿನ ಸ್ಪ್ರಿಂಗ್ ಕೂರುವ ಜಾಗದ ಹತ್ತಿರ. ಚಾಸಿ ಬದಲಾದರೆ ದಾಖಲೆಯ ಪ್ರಶ್ನೆ ಏಳುತ್ತದೆ. ಮುಂದಿನ ಭಾಗದ ದಪ್ಪವನ್ನು ಗೇಜಿನಿಂದ ಅಳೆಸಿದೆವು, ಗಟ್ಟಿಯಿತ್ತು. ಹಾಗಾಗಿ ಹಿಂದಿನ ಭಾಗ ಮಾತ್ರ ಕತ್ತರಿಸಿ ಸಿದ್ಧವಾಗಿ ಸಿಗುವ ತುಂಡು ಕೂಡಿಸುವುದು, ಮೂಲ ಸಂಖ್ಯೆ ಉಳಿಸಿಕೊಳ್ಳುವುದು ಅಂತ ತೀರ್ಮಾನಿಸಿದೆವು. ಸ್ಯಾಂಡ್ ಬ್ಲಾಸ್ಟಿಂಗಿಗೆ ಮೊದಲೇ ಸಂಖ್ಯೆಯ ಹತ್ತಿರದ ಫೋಟೋ ತೆಗೆದು, ಉಜ್ಜಿ ಅಚ್ಚು ಇಳಿಸಿಟ್ಟುಕೊಂಡೆವು. ಮರಳಿನ ಹೊಡೆತಕ್ಕೋ ಸತುವಿಗೋ ಅದು ಮಸುಕಾಗಬಾರದು.

ತೇಪೆಗಳನ್ನು ಮಾತ್ರ ಒಂದೂ ಬಿಡದೆ ಕಿತ್ತೆವು. ಎರಡು ತಗಡಿನ ನಡುವೆ ಆ್ಯಸಿಡ್ ಸಿಕ್ಕಿಕೊಂಡರೆ ಆಮೇಲೆ ಅಲ್ಲಿಂದ ಒಸರುತ್ತಲೇ ಇರುತ್ತದೆ. ಗಾಳಿ ಹೋಗಲು ದಾರಿಯಿಲ್ಲದ ಮುಚ್ಚಿದ ಪೊಳ್ಳಿನಲ್ಲಿ ತೇವ ಇದ್ದರೆ ಇನ್ನೂ ಅಪಾಯ, ಬಿಸಿ ಸತುವಿನಲ್ಲಿ ಸಿಡಿಯಬಹುದು. ಹಾಗಾಗಿ ಪ್ರತಿ ಪೊಳ್ಳಿಗೂ ಗಾಳಿ ಹೋಗಲು, ಸತು ಇಳಿಯಲು ತೂತು ಬೇಕು. ಎಲ್ಲೆಲ್ಲಿ ಅಂತ ಮುಳುಗಿಸುವವರ ಜೊತೆಗೇ ಕೂತು ಗುರುತು ಹಾಕಿಸಿದೆವು.

ಸುಮ್ನೆ ಕೂರಿಸಿ ನೋಡಿದ್ದು

ಕತ್ತರಿಸುವ ಮೊದಲು ಚಾಸಿಯನ್ನು ಗಟ್ಟಿ ಚೌಕಟ್ಟಿಗೆ ಬಿಗಿದು ಮೂಲೆಯಿಂದ ಮೂಲೆಗೆ ಅಳೆದೆವು. 11 ಮಿಲಿಮೀಟರ್ ವ್ಯತ್ಯಾಸ! ಚಾಸಿ ತಿರುಚಿದೆ ಅಂತ ಎದೆ ಧಸಕ್ಕೆಂದಿತು. ಮೂರು ಸಲ ಅಳೆದ ಮೇಲೆ ಗೊತ್ತಾಯಿತು, ಹಿಂದೆ ಯಾರೋ ಒಂದು ಸ್ಪ್ರಿಂಗ್ ಹ್ಯಾಂಗರನ್ನು (ಪಟ್ಟಾ ತೂಗುವ ಬ್ರಾಕೆಟ್ಟು) ಸೊಟ್ಟಗೆ ಬೆಸೆದಿದ್ದರು. ನಾವು ಅಲ್ಲಿಂದಲೇ ಅಳೆಯುತ್ತಿದ್ದೆವು. ಚಾಸಿ ನೇರವಾಗಿಯೇ ಇತ್ತು.

ಹಿಂಭಾಗ ಕೂಡಿಸಿದ ಮೇಲೆ, ಬಣ್ಣವಿಲ್ಲದ ಬರೀ ಕಬ್ಬಿಣದ ಚಾಸಿಯ ಮೇಲೆ ಇಡೀ ಗಾಡಿಯನ್ನು ಒಮ್ಮೆ ಕಟ್ಟಿದೆವು. ಆ್ಯಕ್ಸಲ್, ಪಟ್ಟಾ, ಗೇರ್‌ಬಾಕ್ಸ್, ಎಂಜಿನ್, ರೇಡಿಯೇಟರ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್, ಬಾಗಿಲು. ಸೀಟಿನ ಜಾಗದಲ್ಲಿ, ಹಿಂದೆ ಸಾಮಾನಿನ ಜಾಗದಲ್ಲಿ ಮರಳು ಚೀಲ. ಪಟ್ಟಾ ಭಾರಕ್ಕೆ ಕೂರದೆ ಅಳೆದರೆ ಆ ಅಳತೆಗೆ ಬೆಲೆಯಿಲ್ಲ.

ಮಾಲೀಕರಿಗೆ ಇದು ಎರಡು ಸಲ ದುಡಿದಂತೆ ಕಂಡಿತು. ಐದು ಭಾನುವಾರ ಹೋದವು. ಆದರೆ ಬೆಂಕಿ ಸಾಲುಗಳು 26 ಇದ್ದದ್ದು 41 ಆದವು. ಸೈಲೆನ್ಸರ್ ಪೈಪು ಹೊಸ ಅಡ್ಡಪಟ್ಟಿಗೆ ತಾಗುತ್ತಿತ್ತು. ಬ್ರೇಕ್ ಪೈಪಿಗೆ ಹಿಂಭಾಗದ ಹೊಸ ತುಂಡಿನಲ್ಲಿ ಕ್ಲಿಪ್ ಕಟ್ಟುವ ಜಾಗವೇ ಇರಲಿಲ್ಲ. ಒಂದು ಶಾಕ್ ಅಬ್ಸಾರ್ಬರ್, ಪಟ್ಟಾ ಪೂರ್ತಿ ಮಡಿಯುವ ಮೊದಲೇ ತುದಿ ಮುಟ್ಟುತ್ತಿತ್ತು. ಎಲ್ಲ ಸಣ್ಣ ಸಣ್ಣವು. ಮುಳುಗಿಸಿ ತಂದ ಮೇಲೆ ಗೊತ್ತಾಗಿದ್ದರೆ ಒಂದೊಂದಕ್ಕೂ ಸತು ಕೆರೆದು ಬೆಸೆಯಬೇಕಿತ್ತು.

ದೊಡ್ಡ ಪೆಟ್ಟು ಬಿದ್ದದ್ದು ಬಲ್ಕ್‌ಹೆಡ್ಡಿನಲ್ಲಿ. ಎಂಜಿನ್ನಿಗೂ ಡ್ರೈವರ್ ಕಾಲಿಗೂ ನಡುವಿನ ಉಕ್ಕಿನ ಗೋಡೆ ಅದು. ಮುಂದಿನ ಬಾಗಿಲುಗಳು ತೂಗುವುದೂ ಅದರ ಕಂಬಗಳಿಗೇ. ಕಾಲಿಡುವ ಜಾಗ, ಕಂಬದ ಬುಡ ಎರಡೂ ತುಕ್ಕು ತಿಂದಿದ್ದವು. ಅದನ್ನು ಬೇರೆ ವರ್ಕ್‌ಶಾಪಿಗೆ ಕೊಟ್ಟು ಮಾಡಿಸಿದ್ದೆವು. ಕೆಲಸ ನೋಡಲು ಚೆನ್ನಾಗಿತ್ತು. ಬಾಗಿಲು ತೂಗುಹಾಕಿ ನೋಡಿದರೆ ಸಂದು ಮೇಲೆ ಸರಿ, ಕೆಳಗೆ 8 ಮಿಲಿಮೀಟರ್ ಬಾಯಿ ಬಿಟ್ಟಿತ್ತು. ಅವರದೇ ತಪ್ಪು ಅನ್ನಲಾರೆ. ಬಾಗಿಲುಗಳನ್ನು ಕೊಡದೆ ಗೋಡೆ ಮಾತ್ರ ಕೊಟ್ಟವರು ನಾವು. ಕಂಬವನ್ನು ಯಾವುದಕ್ಕೆ ಹೊಂದಿಸಬೇಕಿತ್ತು ಅವರು? ವೆಲ್ಡರ್ ಕಂಬದ ಬುಡ ಬಿಡಿಸಿ, ಬಾಗಿಲು ತೂಗಿದ ಹಾಗೇ ಇಟ್ಟುಕೊಂಡು ಮತ್ತೆ ಬೆಸೆದರು.

ಆಮೇಲೆ ಎಲ್ಲ ಬಿಚ್ಚಿದೆವು. ಈ ಸಲ ಬಕೆಟ್ ಇಲ್ಲ. ಪ್ರತಿ ಜೋಡಣೆಗೆ ಒಂದು ಚೀಲ, ಒಳಗೆ ಚೀಟಿ, ಚೀಟಿಯಲ್ಲಿ ಫೋಟೋ ಸಂಖ್ಯೆ. ಚಾಸಿ ಸತುವಿಗೆ ಹೋಗಿ ಬಂತು. ಮರಳಿ ಬಂದ ಮೇಲೆ ಮೂರು ಸಂಜೆ ಬರೀ ಬೋಲ್ಟ್ ತೂತುಗಳ ತಿರುಪಿನೊಳಗಿನ ಸತು ಬಿಡಿಸಲು ಟ್ಯಾಪ್ (ತಿರುಪು ಕೊರೆಯುವ ಸಾಧನ) ಹಾಕುವುದೇ ಆಯಿತು. ಇದನ್ನು ಯೋಜನೆಯಲ್ಲಿ ಬರೆದಿರಲಿಲ್ಲ.

ಕೊನೆಗೆ ಆದದ್ದು

ಎರಡನೇ ಜೋಡಣೆ ಓಡಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಒಮ್ಮೆ ಕೂತಿದ್ದದ್ದು ಮತ್ತೆ ಕೂತಿತು. ಉಕ್ಕು ಅಲ್ಯೂಮಿನಿಯಂ ಸೇರುವ ಕಡೆಗಳಲ್ಲೆಲ್ಲ ನಡುವೆ ಪಟ್ಟಿ, ಸೀಲೆಂಟ್ ಹಾಕಿದೆವು. ಎರಡು ಲೋಹ ನೇರವಾಗಿ ತಾಗಿ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ವೈರಿಂಗ್ ಹೊಸದು.

ಎಂಜಿನ್ ಮಾತ್ರ ಕಾಡಿತು. ಎಲ್ಲಕ್ಕಿಂತ ಮೊದಲು ಮಾಡಿಸಿಟ್ಟದ್ದು ಅದನ್ನೇ ಅಲ್ವಾ? ಅಷ್ಟು ದಿನ ಓಡದೆ ಕೂತಿತ್ತು. ಪ್ಲಗ್ ತೆಗೆದು ಒಳಗೆ ಬೆಳಕು ಬಿಟ್ಟು ನೋಡಿದರೆ ಒಂದು ಸಿಲಿಂಡರಿನ ಗೋಡೆಯಲ್ಲಿ ತುಕ್ಕಿನ ಬಳೆ. ಸಿಲಿಂಡರ್ ಹೆಡ್ ಬಿಚ್ಚಿ, ಗೋಡೆಯನ್ನು ಹೋನ್ ಮಾಡಿ (ಸಣ್ಣಗೆ ಉಜ್ಜಿ), ಪಿಸ್ಟನ್ ರಿಂಗ್ ಬದಲಾಯಿಸಿದ್ದಾಯಿತು. ಮಾಡಿಕೊಟ್ಟವರ ಗ್ಯಾರಂಟಿ ಅವಧಿ ಒಂದೇ ಒಂದು ಸಲ ಸ್ಟಾರ್ಟ್ ಆಗುವ ಮೊದಲೇ ಮುಗಿದಿತ್ತು. ಇನ್ನೊಮ್ಮೆ ಇಂಥ ಯೋಜನೆ ಬರೆದರೆ ಎಂಜಿನ್ನನ್ನು ಚಾಸಿ ಮುಳುಗಿ ಬಂದ ಮೇಲೇ ಕೊಡಿಸುತ್ತೇನೆ. ಅಲ್ಲಿಯವರೆಗೆ ಹಳೇ ಎಂಜಿನ್ನೇ ಅಳತೆಗೆ ಸಾಕು.

ನಾನು ಬರೆದದ್ದು 10 ತಿಂಗಳ ಯೋಜನೆ, ಆದದ್ದು 23 ತಿಂಗಳು. ದುಡಿಮೆಯ ಲೆಕ್ಕ ಅಷ್ಟೇನೂ ತಪ್ಪಿರಲಿಲ್ಲ. ಕಾಯುವ ಲೆಕ್ಕ ಪೂರ್ತಿ ತಪ್ಪಿತು. ಭಾಗ ಬರಲಿ ಅಂತ, ಬ್ಲಾಸ್ಟಿಂಗಿನ ಸರದಿ ಬರಲಿ ಅಂತ, ವೆಲ್ಡರ್‌ಗೆ ಬಿಡುವಾಗಲಿ ಅಂತ. ಖರ್ಚಿನಲ್ಲೂ ಹಾಗೇ. ದೊಡ್ಡ ಭಾಗಗಳ ಅಂದಾಜು ಸರಿಯಿತ್ತು. ನಟ್ಟು, ಬೋಲ್ಟು, ಕ್ಲಿಪ್ಪು, ಬುಷ್ಷು, ಗ್ರೀಸು, ಬ್ರೇಕ್ ಪೈಪು, ಇವು ಸೇರಿ ಒಂದು ಆ್ಯಕ್ಸಲ್ ಕೆಲಸದಷ್ಟು ನುಂಗಿದವು.

ಈಗ ಗಾಡಿ ಓಡುತ್ತಿದೆ. ಮೊದಲ 500 ಕಿಲೋಮೀಟರಿಗೆ ಪಟ್ಟಾದ ಯು-ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿಯಬೇಕಾಯಿತು. ಎಡಗಡೆ ಮುಂದಿನ ಚಕ್ರ ತಿರುಗುವ ಕೀಲಾದ ಸ್ವಿವೆಲ್‌ನಿಂದ ಎಣ್ಣೆ ಇನ್ನೂ ಸ್ವಲ್ಪ ಒಸರುತ್ತಿದೆ, ಮಳೆ ಮುಗಿದ ಮೇಲೆ ಸೀಲ್ ಬದಲಾಯಿಸುವುದು ಅಂತ ಮಾಲೀಕರು ಹೇಳುತ್ತಿದ್ದಾರೆ. ಹಳೇ ಬಕೆಟ್ಟಿನಲ್ಲಿ 31 ಬೋಲ್ಟು ಉಳಿದಿವೆ, ಯಾವುದರವೋ. ವಿಂಚ್ ಇನ್ನೂ ಡಬ್ಬಿಯಲ್ಲೇ ಇದೆ. ಅದಕ್ಕೆ ಕೊರೆದ ನಾಲ್ಕು ತೂತುಗಳು ಚಾಸಿಯ ಮುಂಭಾಗದಲ್ಲಿವೆ, ಅಂಚಿಗೆಲ್ಲ ಸತು ಹಿಡಿದು.